ಎರಡು ಬೆಟ್ಟ, ನಡುವೆ ಅರ್ಧ ಸೂರ್ಯ

ನನಗೆ ಬರುವುದು ಒಂದೇ ಚಿತ್ರ. ಎರಡು ಬೆಟ್ಟ, ನಡುವೆ ಅರ್ಧ ಸೂರ್ಯ, ಕೆಳಗೆ ಅಂಕುಡೊಂಕಾದ ಹೊಳೆ, ದಡದಲ್ಲೊಂದು ಗುಡಿಸಲು, ಅದಕ್ಕೊಂದು ತೆಂಗಿನಮರ. ನಿಮಗೂ ಇದೇ ಬರುತ್ತದೆಂದು ಗೊತ್ತು, ಸುಮ್ಮನೆ ದೊಡ್ಡಸ್ತಿಕೆ ಬೇಡ. ಇದನ್ನು ಬಿಟ್ಟು ಬೇರೇನಾದರೂ ಬರೆಯಲು ಹೋದರೆ ನನ್ನ ಮಾನ ಹರಾಜಾಗುತ್ತದೆ. ಒಮ್ಮೆ ಬೋರ್ಡಿನ ಮೇಲೆ ಬಹಳ ಮುತುವರ್ಜಿಯಿಂದ ಹಸು ಬರೆದು "ಇದೇನು ಹೇಳಿ?" ಎಂದಾಗ ಒಂದನೇ ತರಗತಿಗೆ ಒಂದನೇ ತರಗತಿಯೇ "ಮಂಚ!" ಎಂದು ಕೂಗಿತು.

ಇಂಥ ನಾನು ಕಟ್ಟೆಮಳಲವಾಡಿಯ ಆಚೆಗಿರುವ ಪುಟ್ಟ ಸರ್ಕಾರಿ ಶಾಲೆಯೊಂದರ ಡ್ರಾಯಿಂಗ್ ಮೇಡಂ. ಕನ್ನಡ, ಗಣಿತ, ಬಿಸಿಯೂಟದ ಉಪ್ಪು ಖಾರ ಎಲ್ಲ ನೋಡಿಕೊಳ್ಳುವವಳ ತಲೆಗೆ ಚಿತ್ರಕಲೆಯನ್ನೂ ಕಟ್ಟಿದ್ದಾರೆ. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ "ಏನಾದ್ರೂ ಬರೀರಿ" ಎಂದರೆ ನನ್ನ ಕೆಲಸ ಮುಗಿಯುತ್ತಿತ್ತು. ಮಕ್ಕಳು ಏನಾದರೂ ಬರೆಯುತ್ತಿದ್ದರು. ಅಂದರೆ ಎರಡು ಬೆಟ್ಟ.

ಹುಣಸೂರಿನ ಈ ಬಯಲಿನಲ್ಲಿ ಅಂಥ ಬೆಟ್ಟವನ್ನು ಯಾರು ಕಂಡಿದ್ದಾರೆ ಹೇಳಿ! ಹಿಂದೆ ಬೀಚನಹಳ್ಳಿಯಲ್ಲಿ ಕೆಲಸ ಮಾಡುವಾಗಲೂ ಇದೇ ಕತೆ. ಕಣ್ಣೆದುರಿಗೇ ಕಬಿನಿ ಅಣೆಕಟ್ಟು, ಗೇಟು ತೆಗೆದರೆ ಮಾತು ಕೇಳಿಸದಷ್ಟು ನೀರು. ಅಲ್ಲಿನ ಮಕ್ಕಳು ಅದಕ್ಕೆ ಬೆನ್ನು ಹಾಕಿ ಕೂತು ಎರಡು ಬೆಟ್ಟಗಳ ನಡುವಿನಿಂದ ಒಂದು ಬಡಕಲು ನೀಲಿ ಗೀಟು ಎಳೆಯುತ್ತಿದ್ದರು. ಗುಹೆಯ ಗೋಡೆಗೆ ಚಿತ್ರ ಬರೆದ ಆದಿಮಾನವ ಕೂಡ ತಾನು ಕಂಡ ಕಾಡುಪ್ರಾಣಿಯನ್ನೇ ಬರೆದ. ಪುಣ್ಯವಂತ, ಅವನಿಗೆ ನನ್ನಂಥ ಡ್ರಾಯಿಂಗ್ ಮೇಡಂ ಇರಲಿಲ್ಲ.

ನನ್ನನ್ನು ಈ ನಿದ್ದೆಯಿಂದ ಎಬ್ಬಿಸಿದವಳು ನಾಲ್ಕನೇ ತರಗತಿಯ ಸಿಂಚನಾ. ಅವಳಿಗೆ ಎಲ್ಲಕ್ಕೂ ಅಪ್ಪಣೆ ಬೇಕು. "ಮೇಡಂ, ಬೆಟ್ಟಕ್ಕೆ ಯಾವ ಬಣ್ಣ ಆಕ್ಲಿ?" "ಮೇಡಂ, ಮೋಡದ ಪಕ್ಕ ಒಂದು ಅಕ್ಕಿ ಬರೀಲಾ?" ಒಂದು ಶನಿವಾರ ಬಸ್ಸಿನ ಗಡಿಬಿಡಿಯಲ್ಲಿದ್ದ ನಾನು, "ನಿನಗೆ ಹೇಗೆ ಕಾಣುತ್ತೋ ಹಾಗೆ ಬರಿ ಮಗಳೇ" ಎಂದೆ. ಅವಳು ಪೆನ್ಸಿಲ್ ಕೆಳಗಿಟ್ಟು, ಅಳು ತುಂಬಿದ ದನಿಯಲ್ಲಿ, "ನಂಗೆ ಎಂಗೆ ಕಾಣುತ್ತೆ ಅಂತ ನೀವೇ ಹೇಳಿ ಮೇಡಂ" ಎಂದಳು.

ಒಂಬತ್ತು ವರ್ಷದ ಹುಡುಗಿಗೆ ತನ್ನ ಕಣ್ಣಿನ ಮೇಲೇ ನಂಬಿಕೆಯಿಲ್ಲ! ಬಸ್ಸಿನಲ್ಲಿ ಕೂತು ತೀರ್ಮಾನ ಮಾಡಿದೆ. ವರ್ಷ ಮುಗಿಯುವುದರೊಳಗೆ ಈ ಹುಡುಗಿ ನನ್ನನ್ನು ಕೇಳದೆ ಒಂದು ಗೆರೆ ಎಳೆಯಬೇಕು. ನನ್ನ ಹಠ ಎಂಥದೆಂದು ಅದುವರೆಗೆ ನಮ್ಮ ಅತ್ತೆಯೊಬ್ಬರಿಗೆ ಮಾತ್ರ ಗೊತ್ತಿತ್ತು.

ಸೋಮವಾರವೇ ಸಾರಿದೆ: "ಇವತ್ತಿನಿಂದ ನಮ್ಮ ಶಾಲೆಯಲ್ಲಿ ಬೆಟ್ಟ ಬಂದ್!"

ತರಗತಿ ಕಂಗಾಲಾಯಿತು. ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು. "ಬೆಟ್ಟ ಇಲ್ದಿದ್ರೆ ಸೂರ್ಯ ಎಲ್ಲಿಂದ ಬತ್ತಾನೆ ಮೇಡಂ?"

"ನಿಮ್ಮೂರಲ್ಲಿ ದಿನಾ ಎಲ್ಲಿಂದ ಬರ್ತಾನೆ?"

ಒಬ್ಬಳು ಅನುಮಾನಿಸುತ್ತ ಹೇಳಿದಳು: "ಗುರುಮಲ್ಲಪ್ಪ ತಾತನ ಬ್ಯಾರನ್ ಇಂದ್ಗಡೆಯಿಂದ."

ಬ್ಯಾರನ್ ಎಂದರೆ ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದ ಮಾಡುವ, ತಗಡು ಹೊದೆಸಿದ ಎತ್ತರದ ಕೋಣೆ. ನಮ್ಮ ಕಡೆ ಊರೂರಲ್ಲೂ ಇದೆ, ಯಾವ ಮಗುವಿನ ಚಿತ್ರದಲ್ಲೂ ಇರಲಿಲ್ಲ. ಅವತ್ತು ಬಂತು. ಅದರ ಹಿಂದೆಯೇ ಸೊಪ್ಪು ಕಟ್ಟುವ ಅಜ್ಜಿಯರು, ಸೌದೆ ಟ್ರ್ಯಾಕ್ಟರು, ಬಾಲಕ್ಕಿಂತ ಚಿಕ್ಕದಾದ ನಾಯಿ ಎಲ್ಲ ಬಂದವು. ಸಿಂಚನಾ ಮಾತ್ರ, "ಬ್ಯಾರನ್ಗೆ ಬಾಗ್ಲು ಇಡ್ಲಾ ಮೇಡಂ?" ಎಂದು ಕೇಳುತ್ತಲೇ ಇದ್ದಳು.

ಅಷ್ಟರಲ್ಲಿ ಶಾಲೆಯ ಮುಂದಿನ ಗೋಡೆಯ ತಕರಾರು ಎದ್ದಿತು. ಆ ಬ್ಯಾರನ್ನಿನ ಯಜಮಾನರಾದ ಗುರುಮಲ್ಲಪ್ಪನವರೇ ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು. ಆಗಸ್ಟ್ ಹದಿನೈದಕ್ಕೆ ಹುಣಸೂರಿನ ಪೇಂಟರನ್ನು ಕರೆಸಿ ಗೋಡೆಗೆ ಒಳ್ಳೆಯ ಸೀನರಿ ಬರೆಸಬೇಕೆಂಬುದು ಅವರ ಆಸೆ. ಸೀನರಿ ಎಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಅಡ್ಡ ನಿಂತೆ. ಗೋಡೆ ಮಕ್ಕಳದು, ಮಕ್ಕಳೇ ಬರೆಯಲಿ ಎಂದೆ.

"ಮೇಡಮ್ಮೋರೆ, ಇಸ್ಕೂಲು ಅಂದ್ರೆ ಲಕ್ಷಣವಾಗಿರ್ಬೇಕು ಕಣ್ರವ್ವ," ಎಂದು ಅವರು ತಲೆ ಕೆರೆದುಕೊಂಡರು. "ಆಯ್ತು, ಬರೀಲಿ. ನೋಡೋಕೆ ಸರ್ಯಾಗಿಲ್ದಿದ್ರೆ ಬಾವುಟ ಆರ್ಸೋಕೆ ಮುಂಚೆ ಸುಣ್ಣ ಬಳ್ಸಿಬುಡ್ತೀನಿ. ಆಮೇಲೆ ಬೇಜಾರು ಮಾಡ್ಕೋಬಾರ್ದು."

ಒಪ್ಪಿಕೊಂಡೆ. ಒಪ್ಪಿದ ಮೇಲೆ ಯೋಚನೆ ಶುರುವಾಯಿತು. ಮಕ್ಕಳು ಬರೆದದ್ದನ್ನು ಅವರ ಕಣ್ಣೆದುರೇ ಸುಣ್ಣ ಬಳಿದು ಅಳಿಸಿದರೆ, ಅವರು ಮತ್ತೆ ಬೆಟ್ಟದ ಹಿಂದೆ ಹೋಗಿ ಅಡಗುತ್ತಾರೆ. ಸಿಂಚನಾಳಂತೂ ಉಸಿರಾಡುವುದಕ್ಕೂ ಅಪ್ಪಣೆ ಕೇಳಿಯಾಳು.

ಮಕ್ಕಳ ಬ್ರಷ್ಷಿನಿಂದ ಗೋಡೆಯ ತುಂಬ ಊರು ಎದ್ದಿತು. ಹದಿನಾಲ್ಕರ ಮಧ್ಯಾಹ್ನ ಗುರುಮಲ್ಲಪ್ಪನವರು ಬಂದರು, ಹಿಂದೆ ಸುಣ್ಣದ ಬಕೆಟ್ಟು ಹಿಡಿದ ಆಳು. ಅವರು ಗೋಡೆಯ ಮೇಲಿನ ತಮ್ಮ ಬ್ಯಾರನ್ನಿನ ಮುಂದೆ ಬಹಳ ಹೊತ್ತು ನಿಂತರು. ಬಾಗಿಲು, ಒಲೆ, ತಗಡು ಎಲ್ಲ ಪರೀಕ್ಷಿಸಿದರು. "ಪರ್ವಾಗಿಲ್ಲ. ಆದ್ರೆ ಈ ಪಕ್ಕ ಬೋಳು ಬೋಳಾಗಿ ಅದೆ. ಕೊಡ್ರವ್ವ ಬ್ರಸ್ಸು" ಎಂದು ಇಸಿದುಕೊಂಡು, ಪಂಚೆ ಎತ್ತಿ ಕಟ್ಟಿ, ನೋಡನೋಡುತ್ತಿದ್ದಂತೆ ಎಳೆದೇಬಿಟ್ಟರು.

ಎರಡು ಬೆಟ್ಟ!

"ತಾತಾ, ಬೆಟ್ಟ ಬಂದ್!" ಮಕ್ಕಳು ಹುಯಿಲೆಬ್ಬಿಸಿದರು. ನನಗೂ ನಗು ತಡೆಯಲಾಗಲಿಲ್ಲ, ಅದೇ ಯಡವಟ್ಟಾಯಿತು. ಹಿರಿಯರ ಮುಖ ಕೆಂಪಾಯಿತು. "ಕೈ ಅತ್ಲಾಗೇ ಓಯ್ತದೆ, ಏನ್ಮಾಡವ? ನಮ್ ಮೇಷ್ಟ್ರು ಕಲ್ಸಿದ್ದು ಇದೊಂದೇಯ," ಎಂದವರು ಬ್ರಷ್ಷನ್ನು ಕೆಳಗಿಟ್ಟರು. "ಗೋಡೆ ಕೆಟ್ಟೋಯ್ತು ಬುಡಿ. ಲೇ, ಬಕೆಟ್ ತತ್ತಾ, ಎಲ್ಲಾನೂ ಬಳ್ದುಬುಡು."

ನಗು ನಿಂತಿತು. ಆಳು ಬಕೆಟ್ಟು ಎತ್ತಿಕೊಂಡು ಗೋಡೆಯತ್ತ ಬಂದ. ಆಗ ಸಿಂಚನಾ ಎದ್ದು ಬಂದಳು. ಈಗ ಕೇಳುತ್ತಾಳೆ, ಯಾವ ಬಣ್ಣ ಎಂದು ಕೇಳೇ ಕೇಳುತ್ತಾಳೆ ಎಂದು ಕಾದೆ. ಅವಳು ನನ್ನ ಕಡೆ ತಿರುಗಲೂ ಇಲ್ಲ. ಬ್ರಷ್ಷನ್ನು ಹಳದಿಯಲ್ಲಿ ಅದ್ದಿ, ಬೆಟ್ಟಗಳ ತುದಿಯನ್ನು ದುಂಡಗೆ ಮಾಡಿ, ಮೇಲಿಂದ ಕೆಳಕ್ಕೆ ಸರಸರನೆ ಗೆರೆ ಇಳಿಸಿದಳು. ಬುಡದಲ್ಲಿ ಒಂದು ಕೋಳಿ ಕೆದಕತೊಡಗಿತು.

"ಅಯ್ ಶಿವನೇ!" ಗುರುಮಲ್ಲಪ್ಪನವರು ಮುಂದೆ ಬಗ್ಗಿದರು. "ನಮ್ಮ ಉಲ್ಲಿನ ಮೆದೆ ಅಲ್ವೇನವ್ವ ಇದು!" ಆಳಿನ ಕಡೆ ತಿರುಗಿ ಬಕೆಟ್ಟನ್ನು ಗೇಟಿನಾಚೆ ಇಡಲು ಹೇಳಿದರು.

ಅಳಿಸಬೇಕು ಅಥವಾ ಬಿಡಬೇಕು ಎಂಬ ಎರಡೇ ದಾರಿ ನನಗೆ ಗೊತ್ತಿದ್ದದ್ದು. ಬೆಟ್ಟ ಬಂದ್ ಮಾಡಿದ ಮಹಾತಾಯಿಗೆ ಬೆಟ್ಟವನ್ನೇ ಹುಲ್ಲಿನ ಮೆದೆ ಮಾಡಬಹುದೆಂದು ಹೊಳೆದಿರಲಿಲ್ಲ. ಖುಷಿ ತಡೆಯಲಾಗದೆ ಹತ್ತಿರ ಹೋಗಿ, ಕೋಳಿಗೆ ಪಕ್ಕದಲ್ಲಿ ಮರಿಗಳಿದ್ದರೆ ಚೆನ್ನ ಎಂದು ಹೇಳಲು ಬಾಯಿ ತೆರೆದೆ.

"ಮೇಡಂ," ಎಂದಳು ಸಿಂಚನಾ, ಗೋಡೆಯಿಂದ ಕಣ್ಣು ತೆಗೆಯದೆ. "ವಸಿ ಅತ್ಲಾಗೆ ನಿಂತ್ಕಳಿ. ನಿಮ್ ನೆಳ್ಳು ಬೀಳ್ತಾ ಅದೆ."

ಸರಿದು ನಿಂತೆ. ಡ್ರಾಯಿಂಗ್ ಮೇಡಂ ಆಗಿ ನಾನು ಇಷ್ಟು ಚೆನ್ನಾಗಿ ಮಾಡಿದ ಕೆಲಸ ಇನ್ನೊಂದಿಲ್ಲ.