ಡಿಕ್ಕಿಗೆ ಬಳಿದ ವಿಭೂತಿ

ಇವತ್ತು ಹಿರೇಹಳ್ಳಿಯ ಗ್ಯಾರೇಜಿನಲ್ಲಿ, ಕೊಳ್ಳಬೇಕೆಂದಿರುವ ಹಳೇ ಅಂಬಾಸಿಡರ್ ಕಾರಿನ ಹಿಂದಿನ ಸೀಟಿನಲ್ಲಿ ಕೂತೆ. ಬಿಸಿ ರೆಕ್ಸಿನ್ ಜೊತೆ ಸೈಲೆನ್ಸರ್ ಹೊಗೆಯ ವಾಸನೆ. ಥೇಟ್ ಅಪ್ಪನ ಕಾರೇ!

ನಾನು ಚಿಕ್ಕವಳಿದ್ದಾಗ ಆ ಕಾರಿನಲ್ಲಿ ತುಮಕೂರಿನಿಂದ ಗುಬ್ಬಿ ತಲುಪುವಷ್ಟರಲ್ಲಿ ನನಗೆ ತಲೆ ಸಿಡಿದು ವಾಂತಿಯಾಗುತ್ತಿತ್ತು. ಸೈಲೆನ್ಸರ್ ಬದಲಿಸಿದರೂ ನಿಲ್ಲಲಿಲ್ಲ. "ಇವಳಿಗೆ ಕಾರು ಆಗಲ್ಲ. ಕುಣಿಗಲ್ ಮದುವೆಗೆ ಬೇಡ, ಮನೇಲೇ ಇರ್ಲಿ" ಅಂದುಬಿಟ್ಟರು ಅಪ್ಪ.

ಅಜ್ಜಿ ಒಂದು ದಿನ ನನ್ನ ಪಕ್ಕ ಕೂತು ಬಂದಳು. ಇಳಿದವಳೇ, "ಕೂಸಿಗೇನೂ ಆಗಿಲ್ಲ ಕಣ್ಲಾ, ಡಿಕ್ಕಿಯಿಂದ ಹೊಗೆ ಒಳಕ್ಕೆ ಬರ್ತೈತೆ. ಒಲೆ ಮುಂದೆ ಕೂತೋಳಿಗೆ ಹೊಗೆ ದಾರಿ ಗೊತ್ತಿಲ್ವಾ?" ಎಂದಳು. ವಿಭೂತಿ ಗಟ್ಟಿಯನ್ನು ನೀರಲ್ಲಿ ತೇದು, ಡಿಕ್ಕಿಯ ಸುತ್ತಲಿನ ರಬ್ಬರಿಗೆ ಬಳಿಯತೊಡಗಿದಳು.

"ಅವ್ವಾ, ಅದು ಹಣೆಗೆ ಹಚ್ಚೋದು!" ಅಂದರು ಅಪ್ಪ.

"ಹಣೆಗೆ ಹಚ್ಚೋದೂ ಕಾಪಾಡ್ಲಿ ಅಂತಾನೆ ಅಲ್ವೇನ್ಲಾ?"

ಡಿಕ್ಕಿ ಮುಚ್ಚಿ ತೆಗೆದಾಗ ಮುಚ್ಚಳದ ಒಳಅಂಚಿಗೆ ಬಿಳಿ ಗೆರೆ ಅಂಟಿತ್ತು. ನಂಬರ್ ಪ್ಲೇಟಿನ ಹತ್ತಿರ ಮಾತ್ರ ಗೇಣುದ್ದಕ್ಕೆ ಗೆರೆಯೇ ಇಲ್ಲ. ಅಲ್ಲಿ ರಬ್ಬರ್ ಸವೆದು ಮುಚ್ಚಳಕ್ಕೆ ತಾಗುತ್ತಿರಲಿಲ್ಲ. ಹೊಸ ರಬ್ಬರ್ ಹಾಕಿಸಿದ ಮೇಲೆ ಕುಣಿಗಲ್‌ವರೆಗೂ ಹಾಡಿಕೊಂಡೇ ಹೋದೆ.

"ಸೈಲೆನ್ಸರ್ ಚೇಂಜ್ ಮಾಡ್ಬೇಕು ಮೇಡಂ" ಅಂದ ಇವತ್ತಿನ ಮೆಕ್ಯಾನಿಕ್.

ನಾನು ಪರ್ಸಿನಿಂದ ವಿಭೂತಿ ಗಟ್ಟಿ ತೆಗೆದೆ. "ಮೊದಲು ಡಿಕ್ಕಿ ತೆಗೀಪ್ಪಾ."