ಏರುತ್ತ ಹೋದ ಅಶ್ವಶಕ್ತಿ

ನೇರವಾಗಿಲ್ಲದ್ದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಯಾರದೋ ಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಓರೆಯಾಗಿದ್ದರೆ, ಕುಡಿಯುತ್ತಿದ್ದ ಚಹಾ ಕೆಳಗಿಟ್ಟು ಎದ್ದು, ಸರಿಪಡಿಸಿ ಬಂದು ಕೂರುತ್ತೇನೆ. "ನಿಮ್ಮ ಕೂಡ ಮಂದಿ ಮನಿಗಿ ಬರಾಕ ನನಗ ನಾಚಿಕಿ ಆಗತೈತ್ರಿ" ಎನ್ನುತ್ತಿದ್ದಳು ನನ್ನ ಹೆಂಡತಿ. ಈಗ ಅವಳಿಲ್ಲ. ಮಂದಿಯ ಮನೆಗೆ ಹೋಗುವುದೂ ಕಡಿಮೆಯಾಗಿದೆ. ನನ್ನ ಮನೆಯಲ್ಲಿ ಒಂದು ತಾಟು, ಒಂದು ಲೋಟ, ಬಾಗಿಲ ಬಳಿ ಒಂದು ಜೊತೆ ಚಪ್ಪಲಿ. ಒಂದೊಂದೇ ಇದ್ದಾಗ ಓರೆಯಾಗುವುದಕ್ಕೂ ಜೊತೆ ಸಿಗುವುದಿಲ್ಲ.

ಬೈಲಹೊಂಗಲದಲ್ಲಿ ಒಕ್ಕಲುತನದ ಸಾಮಾನಿನ ಅಂಗಡಿಯೊಂದರಲ್ಲಿ ಗುಮಾಸ್ತನಾಗಿ ತಲೆ ನರೆಸಿಕೊಂಡವನು ನಾನು. ಮ್ಯಾಟ್ರಿಕ್ ಮುಂದೆ ಓದಲಿಲ್ಲ. ಅಂಗಡಿಗೆ ಕಂಪ್ಯೂಟರ್ ಬಂದಾಗ ಮಾತ್ರ ಎಕ್ಸೆಲ್ಲನ್ನು ಮೋಹದಿಂದ ಕಲಿತೆ. ಇಡೀ ಜಗತ್ತನ್ನು ಖಾನೆಗಳಲ್ಲಿ ಕೂರಿಸಿ ಎಲ್ಲಕ್ಕೂ ಒಂದೇ ಅಂಚು ಹಿಡಿಸಬಹುದು ಎಂದರೆ ನನ್ನಂಥವನಿಗೆ ಇನ್ನೇನು ಬೇಕು? ನಮ್ಮ ಸುತ್ತಲಿನ ಊರುಗಳಲ್ಲಿ ಉಳುವ ರಂಟೆ, ಹರಗುವ ಕುಂಟೆ, ಬಿತ್ತುವ ಕೂರಿಗೆ ತಯಾರಿಸುವ ವರ್ಕ್‌ಶಾಪಿನವರು ಸೇರಿ ವರ್ಷಕ್ಕೊಮ್ಮೆ ಒಂದು ಪುಸ್ತಿಕೆ ಅಚ್ಚು ಹಾಕಿಸುತ್ತಾರೆ. ಸಾಮಾನಿನ ಅಗಲ ಎಷ್ಟು, ತೂಕ ಎಷ್ಟು, ಎಳೆಯಲು ಎಷ್ಟು ಎಚ್‌ಪಿ ಟ್ರ್ಯಾಕ್ಟರ್ ಬೇಕು ಎಂಬ ವಿವರಗಳನ್ನು ಒಂದೇ ರೀತಿಯಲ್ಲಿ ಹೊಂದಿಸಿ ಪ್ರೆಸ್ಸಿಗೆ ಕೊಡುವುದು ನಿವೃತ್ತನಾದ ಮೇಲೂ ನನಗೇ ಉಳಿದ ಕೆಲಸ.

ಅವರು ಕಳಿಸುವ ಚೀಟಿಗಳನ್ನು ನೀವು ನೋಡಬೇಕು. ನೇಸರಗಿಯವರದು ಫೂಟು, ಕಿತ್ತೂರಿನವರದು ಇಂಚು, ರಾಮದುರ್ಗದವರದು ಮಿಲಿಮೀಟರು. ದೊಡವಾಡದವನೊಬ್ಬ ಅಗಲದ ಮುಂದೆ "ಸಾಧಾರಣ" ಎಂದು ಬರೆದಿದ್ದ. ಅವರನ್ನು ಬೈಯುವಂತೆಯೂ ಇಲ್ಲ. ನಮ್ಮಜ್ಜ ಹೊಲವನ್ನು ಕೂರಿಗೆಯ ಲೆಕ್ಕದಲ್ಲಿ ಹೇಳುತ್ತಿದ್ದ. ಒಂದು ಕೂರಿಗೆ ಎಂದರೆ ಒಂದು ದಿನದಲ್ಲಿ ಬಿತ್ತಿ ಮುಗಿಸುವಷ್ಟು ನೆಲ. ಎತ್ತು ಚುರುಕಾಗಿದ್ದರೆ ಹೊಲ ಹಿಗ್ಗುತ್ತಿತ್ತೋ ಏನೋ! ಹೂವಿನ ಮೊಳವೂ ಹಾಗೆಯೇ, ಮಾರುವವಳ ಕೈಯಷ್ಟು. ಆಗಿನ ಅಳತೆಯ ಒಳಗೆ ಯಾರೋ ಒಬ್ಬರು ಇರುತ್ತಿದ್ದರು. ಅವರನ್ನು ಹೊರಗೆ ಕಳಿಸಿ ಆ ಜಾಗದಲ್ಲಿ ಮಿಲಿಮೀಟರ್ ಕೂರಿಸುವವನು ನಾನು.

ಈ ಕೆಲಸಕ್ಕೊಂದು ಪದ್ಧತಿಯಿದೆ. ಒಬ್ಬ ಚೀಟಿ ಓದಬೇಕು, ಇನ್ನೊಬ್ಬ ಟೈಪ್ ಮಾಡಬೇಕು; ಮುಗಿದ ಮೇಲೆ ಇಬ್ಬರೂ ಕೂತು ತಾಳೆ ನೋಡಬೇಕು. ಓದುತ್ತಿದ್ದವನು ಹಸನಸಾಬ. ಶಾಲೆಯಲ್ಲಿ ನನ್ನ ಜೊತೆ ಒಂದೇ ಬೆಂಚಿನ ಮೇಲೆ ಕೂತವನು, ಬಸ್ ಡ್ರೈವರಾಗಿ ನಿವೃತ್ತನಾದವನು. ನನ್ನ ಮನೆಯ ಕದ ತಟ್ಟದೆ ಒಳಗೆ ಬರುವವನು ಅವನೊಬ್ಬನೇ. ಚೀಟಿಯಲ್ಲಿ ಅಂಕಿ ಎಷ್ಟಿರುತ್ತಿತ್ತೋ ಅದರ ನಾಲ್ಕರಷ್ಟು ಮಾತು ಅವನ ಬಾಯಲ್ಲಿ.

"ಬರಕೋ. ಸವದತ್ತಿ, ಪಲ್ಟಿ ರಂಟಿ. ಇದು ನಮ್ಮ ಅಳ್ಯಾಂದು. ನೋಡಿದ್ರ ಹಗರ ಅನಸ್ತೈತಿ, ಎತ್ತಿದ್ರ ನಡಾ ಹಿಡೀತೈತಿ. ಹೋದ ಸಲ ನಮ್ಮ ಬೀಗರು…"

"ತೂಕ ಎಷ್ಟಪಾ?"

"ಅದನ್ನ ಹೇಳಾಕ ಹತ್ತೇನಲ್ಲೋ ಮಾರಾಯಾ. ಬೀಗರು ಎತ್ತಾಕ ಹೋಗಿ ಅಲ್ಲೇ ಕುಂತಬಿಟ್ರು. ಅಷ್ಟು ತೂಕ!"

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅಂದು ಪ್ರೆಸ್ಸಿನವರ ಅವಸರ, ನನ್ನ ಹಾಳೆಯಲ್ಲಿ ಅಂಚು ಕೂಡದ ಸಿಟ್ಟು. "ನಿನ್ನ ಹರಟಿ ಹಾಕಾಕ ಇದರಾಗ ಖಾನೆ ಇಲ್ಲ. ಅಂಕಿ ಇದ್ರ ಓದು, ಇಲ್ಲಾಂದ್ರ ಮನಿಗಿ ಹೋಗು" ಎಂದುಬಿಟ್ಟೆ. ಅವನು ಕನ್ನಡಕ ತೆಗೆದು ಚೀಟಿಗಳ ಮೇಲಿಟ್ಟು ಎದ್ದು ಹೋದ.

ಕನ್ನಡಕ ಅಲ್ಲೇ ಉಳಿಯಿತು. ಅವನ ಮನೆ ಎರಡು ಓಣಿ ಆಚೆಗಿದೆ, ಕೊಟ್ಟು ಬರಬಹುದಿತ್ತು. ಮೇಜಿನ ಖಾನೆಯಲ್ಲಿಟ್ಟೆ. ಬೇಕಾದರೆ ಬರಲಿ ಎಂದು ನನಗೆ ನಾನೇ ಹೇಳಿಕೊಂಡೆ. ಬರಲೇಬೇಕಲ್ಲ ಎಂಬುದು ಒಳಗಿನ ಆಸೆ. ಅವನು ಬರಲಿಲ್ಲ.

ಒಬ್ಬನೇ ಕೂತೆ. ರಂಟೆಗಳಿಗೆಲ್ಲ ಬೇಕಾದದ್ದು ಮೂವತ್ತೈದು ಎಚ್‌ಪಿ. ಮೊದಲ ಖಾನೆಯಲ್ಲಿ ‘35 ಎಚ್‌ಪಿ’ ಎಂದು ಅಂಕಿ-ಅಕ್ಷರ ಕೂಡಿಸಿ ಬರೆದು, ಮೂಲೆ ಹಿಡಿದು ಕೆಳಗಿನವರೆಗೆ ಎಳೆದೆ. ಎಕ್ಸೆಲ್ ಅತಿ ಜಾಣ. ನಾನು ಎಣಿಸುತ್ತಿದ್ದೇನೆಂದು ತಿಳಿದು ಒಂದೊಂದು ಸಾಲಿಗೂ ಒಂದೊಂದು ಏರಿಸುತ್ತ ಹೋಯಿತು. ಅಕ್ಷರಮಾಲೆಯ ಕ್ರಮದಲ್ಲಿ ಕಿತ್ತೂರು ಮೊದಲು, ಸವದತ್ತಿ ಕೊನೆಗೆ; ಅಲ್ಲಿಗೆ ಮುಟ್ಟುವಾಗ ಐವತ್ತು ದಾಟಿತ್ತು. ನಾನು ಅಂಚು ನೋಡಿದೆ, ಅಕ್ಷರದ ಗಾತ್ರ ನೋಡಿದೆ, ಅಂಕಿ ನೋಡಲಿಲ್ಲ. ತಾಳೆ ನೋಡಲು ಎದುರಿನ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಅಷ್ಟು ಚೆಂದದ ಹಾಳೆಯನ್ನು ನಾನು ಅದುವರೆಗೆ ಮಾಡಿರಲಿಲ್ಲ.

ಅಚ್ಚಾದ ಪುಸ್ತಿಕೆ ಹಿಡಿದು ಹಸನಸಾಬ ಬಂದ. ಕದ ತಟ್ಟಿ ಬಂದ.

"ಗುರುಪಾದಪ್ಪನವರ, ನಮ್ಮ ಅಳ್ಯಾನ ರಂಟಿ ಎಳ್ಯಾಕ ಆನಿ ತರಬೇಕೇನ್ರಿ?"

ಕನ್ನಡಕವಿಲ್ಲದೆ, ಪುಸ್ತಿಕೆಯನ್ನು ತೋಳುದ್ದ ದೂರ ಹಿಡಿದು, ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ. "ಸಣ್ಣ ಟ್ರ್ಯಾಕ್ಟರಿನವರು ಇದನ್ನ ನೋಡಿ, ನಮಗ ಎಳ್ಯಾಂಗಿಲ್ಲ ಅಂತ ಬ್ಯಾರೇವ್ರ ರಂಟಿ ಒಯ್ಯಾಕ ಹತ್ಯಾರ. ಹಂಗಾಮ ಮುಗ್ಯಾಕ ಬಂತು. ಮಗಳ ಮನ್ಯಾಗ ರಂಟಿ ಸಾಲಾಗಿ ನಿಂತಾವ. ನಿಮ್ಮ ಹಾಳಿ ಹಂಗ, ಒಂದಽ ಸಾಲು."

"ತಪ್ಪ ನಂದು ಹಸನ್ಯಾ. ನಿನ್ನ ಎಬ್ಬಿಸಿ ಕಳಿಸಿದ್ನಲ್ಲ, ಅವತ್ತಿನ ತಪ್ಪು" ಎಂದೆ. ಮೇಜಿನ ಖಾನೆ ಎಳೆದು ಕನ್ನಡಕ ತೆಗೆದುಕೊಟ್ಟೆ.

"ಇದಿಲ್ಲದ ಪೇಪರ್ ಓದಾಕಾಗಿಲ್ಲ ನನಗ. ಕಳಿಸಬಾರದೇನಲೇ?"

"ಕಳಿಸಿದ್ರ ನೀ ಯಾಕ ಬರತಿದ್ದಿ?"

ತಿದ್ದುಪಡಿಯ ಚೀಟಿ ಅಚ್ಚು ಹಾಕಿಸಿದೆ. ಪುಸ್ತಿಕೆ ಇಟ್ಟ ಅಂಗಡಿಗಳಿಗೆಲ್ಲ ಬಸ್ಸಿನಲ್ಲಿ ಹೋಗಿ, ಅಂಟಿನ ಡಬ್ಬಿ ಹಿಡಿದು ಕೂತು ನಾನೇ ಅಂಟಿಸಿ ಬಂದೆ. ಸವದತ್ತಿಯಲ್ಲಿ ಆ ಅಳಿಯ, "ಮುಂದಿನ ಸಲ ನಮ್ಮೂರನ್ನ ಮ್ಯಾಲ ಬರಕೋರಿ ಕಾಕಾ" ಎಂದು ನಕ್ಕು ಚಹಾ ಕೊಟ್ಟ. ಅವನ ಅಂಗಳದ ತುಂಬ ರಂಟೆ. ಹಂಗಾಮಿನ ಕೊನೆಗೆ ಕೆಲವು ಹೋದವಂತೆ. ಹೋಗದೆ ನಿಂತವುಗಳ ಮೇಲೆ ಯಾವ ಚೀಟಿ ಅಂಟಿಸಲಿ? ಅಳಿಯ ಕ್ಷಮಿಸಿದ್ದಾನೆ, ಆ ರಂಟೆಗಳ ನೆನಪು ಮಾತ್ರ ಚಹಾ ಕುಡಿಯುವಾಗೆಲ್ಲ ಬರುತ್ತದೆ.

ಈ ವರ್ಷದ ಹಾಳೆಗೆ ಮತ್ತೆ ಇಬ್ಬರೂ ಕೂತೆವು. ಅವನ ಮಾತಿಗೆಂದೇ ಕೊನೆಗೆ ‘ಷರಾ’ ಎಂಬ ಅಗಲವಾದ ಖಾನೆ ಮಾಡಿದೆ. ಬೀಗರು ಕುಂತದ್ದನ್ನೂ ಅದರಲ್ಲಿ ಬರೆದಿದ್ದೇನೆ. ಪ್ರೆಸ್ಸಿಗೆ ಕೊಡುವಾಗ ತೆಗೆಯಬೇಕಾಗುತ್ತದೆ, ತೆಗೆಯಲು ಮನಸ್ಸಿಲ್ಲ. ಆದರೆ ಕೆಲಸ ಮುಗಿಯುತ್ತ ಬಂದಂತೆ ನನಗೆ ದಿಗಿಲು. ಮುಗಿದ ಮರುದಿನ ಅವನು ಯಾಕೆ ಬರಬೇಕು? ಹಾಗಾಗಿ ಇನ್ನೊಂದು ತಪ್ಪೊಪ್ಪಿಗೆ: ಎಲ್ಲ ಅಗಲವನ್ನೂ ಮಿಲಿಮೀಟರಿಗೆ ತಂದು, ಕಿತ್ತೂರಿನ ಒಂದು ಕೂರಿಗೆಯನ್ನು ಮಾತ್ರ ಬೇಕೆಂದೇ ಇಂಚಿನಲ್ಲಿ ಬಿಟ್ಟೆ.

ನಿನ್ನೆ ಹಾಳೆಯ ಪ್ರತಿ ತೆಗೆದು ಅವನ ಕೈಗಿತ್ತೆ. ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತ ಬಂದು ಆ ಇಂಚಿನ ಮೇಲೆ ನಿಂತಿತು. ಅವನು ಹಾಳೆ ನೋಡಿದ, ನನ್ನನ್ನು ನೋಡಿದ. ಆಮೇಲೆ ಕನ್ನಡಕ ತೆಗೆದು ಮಡಚಿ ನನ್ನ ಮೇಜಿನ ಮೇಲಿಟ್ಟ.

"ಕಣ್ಣ ದಣದಾವಲೇ. ಉಳದಿದ್ದು ನಾಳಿ ನೋಡೂಣು" ಎಂದು ಎದ್ದು ಹೋದ.

ಕನ್ನಡಕ ಮೇಜಿನ ಮೇಲೆ ಸ್ವಲ್ಪ ಓರೆಯಾಗಿಯೇ ಇದೆ. ನಾನು ಮುಟ್ಟಿಲ್ಲ.