ಕಿವಿಗೆ ಹೇಳಿದ ಹೆಸರು

ಬೆಟಗೇರಿಯ ಆ ಓಣಿಯಲ್ಲಿ ವಿದ್ಯುತ್ ಮಗ್ಗಗಳು ಶುರುವಾದವೆಂದರೆ ಮುಗಿಯಿತು, ಪಕ್ಕದಲ್ಲಿ ನಿಂತವನ ಮಾತೂ ಕೇಳುವುದಿಲ್ಲ. ಮುಳಗುಂದದ ರೈತರ ಮನೆಯಿಂದ ಸೊಸೆಯಾಗಿ ಬಂದ ಅನ್ನಪೂರ್ಣ ಮೊದಮೊದಲು ತಲೆಗೆ ಸೆರಗು ಬಿಗಿದುಕೊಂಡು ಕೂರುತ್ತಿದ್ದಳು. "ಇದು ಮನಿಯೋ ಗಿರಣಿಯೋ" ಎಂದು ತವರಿಗೆ ಫೋನ್ ಮಾಡಿ ಅತ್ತದ್ದೂ ಉಂಟು. ಅಂಥವಳು ಈಗ ಅದೇ ಸದ್ದಿನ ನಡುವೆ ಕಂಡಿಕೆಗೆ ನೂಲು ಸುತ್ತುತ್ತ, ಮಗ್ಗದ ಆಚೆ ನಿಂತ ಗಂಡ ಕಳಕೇಶನ ತುಟಿ ನೋಡಿಯೇ ಅವನಿಗೆ ಚಹಾ ಬೇಕೋ ನೀರು ಬೇಕೋ ಹೇಳಬಲ್ಲಳು. ಸಾಲದ್ದಕ್ಕೆ ಮಗಳ ವಿಷಯದಲ್ಲಿ ಒಂದಿಷ್ಟು ಸೊಕ್ಕು ಬೇರೆ.

"ನಮ್ಮ ವಿದ್ಯಾಶ್ರೀ ಹುಟ್ಟಾ ನೇಕಾರ್ತಿ ನೋಡ್ರಿ. ಮಗ್ಗದ ಬಾಜೂಕ ತೊಟ್ಟಲಾ ಕಟ್ಟಿದ್ರೂ ಕಣ್ಣ ತೆರಿಯಂಗಿಲ್ಲ," ಎಂದು ಕಂಡಕಂಡವರಿಗೆಲ್ಲ ಹೇಳುವಳು.

ಸೊಕ್ಕು ಬರದೆ ಏನು? ಎಷ್ಟೋ ವರ್ಷ ಕಾದು, ಕಂಡ ಗುಡಿಗೆಲ್ಲ ಕೈಮುಗಿದು ಹೆತ್ತ ಕೂಸು. ಆ ಮನೆಯಲ್ಲಿ ಅದು ಏನು ಮಾಡಿದರೂ ಹಬ್ಬ. ಅಪ್ಪನ ಮೀಸೆ ಹಿಡಿದು ಜಗ್ಗಿದ್ದು ಹಬ್ಬ, ತನ್ನ ಕಾಲಬೆರಳು ತಾನೇ ಬಾಯಿಗಿಟ್ಟುಕೊಂಡದ್ದು ಹಬ್ಬ. ಮೊದಲ ಸಲ ಮಗುಚಿ ಡಬ್ಬ ಬಿದ್ದ ದಿನವಂತೂ ಅತ್ತೆ ಸಿದ್ದಲಿಂಗವ್ವ ಕಡಬು ಮಾಡಿ ಓಣಿಗೆಲ್ಲ ಹಂಚಿದಳು. ಕಳಕೇಶ ಮಗ್ಗ ನಿಲ್ಲಿಸಿ ಬಂದು, ತಾನೂ ನೆಲದ ಮೇಲೆ ಬೋರಲು ಮಲಗಿ, ಮಗಳ ಮೂಗಿಗೆ ಮೂಗು ಹಚ್ಚಿ ಏಳುವುದನ್ನೇ ಮರೆತ.

ಎಲ್ಲಕ್ಕೂ ದೊಡ್ಡದು ಮಾತ್ರ ಮೊದಲ ನಗು. ಅದು ಬಂದದ್ದು ಹೆಸರಿಟ್ಟ ದಿನ. ತೊಟ್ಟಿಲ ಕಾರ್ಯ ತಡವಾಗಿ, ಎರಡು ತಿಂಗಳು ತುಂಬಿದ ಮೇಲೆ ಮುಳಗುಂದದಲ್ಲಿ ನಡೆಯಿತು. ಸೋದರತ್ತೆ ಬಸವಣ್ಣೆವ್ವ ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಗೆ ಬಾಯಿಟ್ಟು "ಕುರ್ರ್... ವಿದ್ಯಾಶ್ರೀ" ಎಂದಳು. ಹೆಂಗಸರೆಲ್ಲ ರೂಢಿಯಂತೆ ಅವಳ ಬೆನ್ನಿಗೆ ದಬದಬ ಗುದ್ದಿದರು. ಆ ಗದ್ದಲದಲ್ಲಿ ಕೂಸು ಬೊಚ್ಚುಬಾಯಿ ಅಗಲಿಸಿ ನಕ್ಕಿತು. ಹೆಸರು ಮನಸ್ಸಿಗೆ ಬಂತು ನೋಡ್ರೇ ಎಂದು ಎಲ್ಲರಿಗೂ ಹಿಗ್ಗೋ ಹಿಗ್ಗು.

ಕೂಸಿಗೆ ಐದು ತಿಂಗಳು ತುಂಬಿದ ಹೊತ್ತಿನಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಇಡೀ ಓಣಿಯ ಮಗ್ಗಗಳು ಒಮ್ಮೆಲೇ ನಿಂತವು. ನಿಂತದ್ದೇ ತಡ, ಆ ಮನೆಯಲ್ಲೊಂದು ಈ ಮನೆಯಲ್ಲೊಂದು ಕೂಸು ಕಿಟಾರನೆ ಕಿರುಚಿ ಎದ್ದಿತು. ಎದುರು ಮನೆಯ ಕೌಸರ ಅಳುವ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ನಗುತ್ತ ಬಂದಳು.

"ಏನ ಸುಡಗಾಡ ಕರೆಂಟವಾ ಇದು! ನಮ್ಮ ಓಣಿ ಹುಡುಗ್ರು ಗದ್ದಲದಾಗ ಮಲಗ್ತಾವು, ಗದ್ದಲಾ ನಿಂತ್ರ ಏಳ್ತಾವು. ನಾ ಹಡದವೂ ಹಿಂಗ ಇದ್ವು. ನಿಂದೆಲ್ಲೈತಿ?"

ಅನ್ನಪೂರ್ಣ ಹೆಮ್ಮೆಯಿಂದ ತೊಟ್ಟಿಲು ತೋರಿಸಿದಳು. "ಮಲಗೇತಿ ನೋಡ್ರಿ. ಯಾವುದರ ಖಬರೂ ಇಲ್ಲ."

ಕೌಸರಳ ನಗು ಅಲ್ಲಿಗೇ ನಿಂತಿತು. ತೊಟ್ಟಿಲೊಳಗೆ ಇಣುಕಿದಳು. ಹೆಗಲ ಮೇಲಿನ ಮೊಮ್ಮಗ ಗಂಟಲು ಹರಿದುಕೊಳ್ಳುತ್ತಿದ್ದ. ಕೂಸು ತಣ್ಣಗೆ ಮಲಗಿತ್ತು. "ತಪ್ಪ ತಿಳಕೋಬ್ಯಾಡ ಅನ್ನಪೂರ್ಣಾ. ಮಗ್ಗಾ ನಿಂತಿದ್ದು ಇದಕ ಗೊತ್ತಾಗಿಲ್ಲ. ಒಮ್ಮಿ ದವಾಖಾನಿಗಿ ತೋರಸವಾ," ಎಂದವಳೇ ಹೊರಟುಹೋದಳು.

ಅನ್ನಪೂರ್ಣಳಿಗೆ ಮೈಯೆಲ್ಲ ಉರಿದುಹೋಯಿತು. ಎಂಥಾ ಬಾಯಿ ಈಕೆಯದು, ಚಂದ ಮಲಗಿದ ಕೂಸಿಗೆ ಕಣ್ಣು ಹಾಕಿ ಹೋದಳು ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಪಾಪ, ಕೌಸರಳದೇನು ತಪ್ಪು? ಅದು ಅನ್ನಪೂರ್ಣಳಿಗೂ ಒಳಗೊಳಗೇ ಗೊತ್ತಿತ್ತು. ಅದಕ್ಕೇ ಕೈ ಸುಮ್ಮನಿರಲಿಲ್ಲ. ಹಿತ್ತಾಳೆ ತಾಟನ್ನು ಎತ್ತಿ ನೆಲಕ್ಕೆ ಒಗೆದಳು. ಒಳಗಿದ್ದ ಸಿದ್ದಲಿಂಗವ್ವ "ಅಯ್ಯ ಶಿವನ!" ಎಂದು ಎದೆ ಹಿಡಿದುಕೊಂಡು ಓಡಿ ಬಂದಳು. ಕೂಸಿನ ರೆಪ್ಪೆ ಕೂಡ ಅಲುಗಲಿಲ್ಲ. ಅನ್ನಪೂರ್ಣ ತೊಟ್ಟಿಲ ಹಗ್ಗ ಹಿಡಿದು ಅಲ್ಲೇ ಕುಸಿದಳು. ಊರೆಲ್ಲ ಸಾರಿಕೊಂಡು ಬಂದದ್ದು ಇದನ್ನೇ?

ಕಳಕೇಶನಿಗೆ ಹೇಳಿದರೆ ಹರಿಹಾಯ್ದ. "ತಲಿ ಕೆಟ್ಟೈತೇನ ನಿನಗ? ಬಸವಣ್ಣೆವ್ವ ಹೆಸರ ಹೇಳಿದಾಗ ನಕ್ಕಿಲ್ಲೇನು? ಕಿವಿ ಕೇಳಲಾರದ ಹೆಂಗ ನಗ್ತೈತಿ?"

ಹೌದಲ್ಲ! ನಕ್ಕಿತ್ತಲ್ಲ! ಗಂಡನ ಬೈಗುಳ ಅವಳಿಗೆ ಅಂದು ಹಾಲು ಕುಡಿದಷ್ಟು ಹಿತವಾಯಿತು. ಅಲ್ಲಿಂದ ಇಬ್ಬರೂ ಆ ಒಂದು ನಗುವನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಮಗಳ ಬೆನ್ನ ಹಿಂದೆ ನಿಂತು ಗಿಲಕಿ ಆಡಿಸಿದರು, ಬಾಗಿಲು ಬಡಿದರು, ಲಾಳಿಯಿಂದ ಡಬ್ಬಿ ಬಾರಿಸಿದರು. ತಿರುಗಿದಂತೆ ಕಂಡ ದಿನ ರೊಟ್ಟಿ ಗಂಟಲಲ್ಲಿ ಇಳಿಯುತ್ತಿತ್ತು. ತಿರುಗದ ದಿನ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಆ ನಡುವೆಯೇ ಕೂಸು ಗೋಡೆಗೆ ಆತುಕೊಂಡು ಕೂರಲು ಕಲಿಯಿತು. ಯಾರೂ ಸಿಹಿ ಮಾಡಲಿಲ್ಲ.

ಕೊನೆಗೆ ಗದಗಿನಲ್ಲಿ ಕಿವಿ ಪರೀಕ್ಷೆಗೆ ದಿನ ಗೊತ್ತಾಯಿತು. ಅದರ ಹಿಂದಿನ ಸಂಜೆ ಕಳಕೇಶ ಮಗ್ಗ ನಿಲ್ಲಿಸಿ, ಕೈಕಾಲು ತೊಳೆದು, ಪೂಜೆಗೆ ಕೂತಂತೆ ಮಗಳ ಮುಂದೆ ಕೂತ. ಕಿವಿಗೆ ಬಾಯಿ ಹಚ್ಚಿ "ಕುರ್ರ್... ವಿದ್ಯಾಶ್ರೀ" ಎಂದ. ಕೂಸು ಹೆಗಲು ಕುಗ್ಗಿಸಿ ಕಿಲಕಿಲ ನಕ್ಕಿತು.

"ನಕ್ತು! ಯವ್ವಾ, ಜಲ್ದಿ ಬಾ ಇಲ್ಲೆ! ಕೇಳಸ್ತೈತಿ ಇದಕ, ಖರೇನ ಕೇಳಸ್ತೈತಿ! ಯಾ ದವಾಖಾನಿನೂ ಬ್ಯಾಡ!" ಗಂಡಸು ಹುಚ್ಚನ ಹಾಗೆ ಕುಣಿದ. ಸಿದ್ದಲಿಂಗವ್ವ ಓಡಿ ಬಂದು ಮೊಮ್ಮಗಳ ದೃಷ್ಟಿ ತೆಗೆದು ನೆಟಿಕೆ ಮುರಿದಳು.

ಅನ್ನಪೂರ್ಣಳೂ ನಕ್ಕಳು, ಅಳುತ್ತಲೇ ನಕ್ಕಳು. ಅಷ್ಟಕ್ಕೇ ಬಿಟ್ಟಿದ್ದರೆ ಒಂದು ರಾತ್ರಿಯಾದರೂ ನೆಮ್ಮದಿಯಿಂದ ಮಲಗಬಹುದಿತ್ತು. ಆದರೆ ತನ್ನ ಸೆರಗಿನ ಅಂಚು ಕುತ್ತಿಗೆಗೆ ತಾಗಿದಾಗಲೂ ಕೂಸು ಹೀಗೇ ಹೆಗಲು ಕುಗ್ಗಿಸುವುದನ್ನು ಅವಳು ಕಂಡಿದ್ದಳು. ಮಗಳನ್ನು ತೊಡೆಗೆ ತೆಗೆದುಕೊಂಡಳು. ಕಿವಿಗೆ ಬಾಯಿ ಹಚ್ಚಿದಳು. ಬರೀ ಊದಿದಳು.

ಕೂಸು ಅದೇ ನಗು ನಕ್ಕಿತು. ಅದೇ ಹೆಗಲು, ಅದೇ ಬೊಚ್ಚುಬಾಯಿ.

"ಏನಂದಿವಾ ಕಿವಿಯಾಗ?" ಎಂದು ಸಿದ್ದಲಿಂಗವ್ವ ಸಂಭ್ರಮದಿಂದ ಕೇಳಿದಳು.

"ಏನೂ ಅಂದಿಲ್ರಿ ಅತ್ತಿ."

ಕಳಕೇಶನ ಕುಣಿತ ನಿಂತಿತು. ಆಮೇಲೆ ಗೋಡೆಗೆ ಒರಗಿ ಕೂತು, ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಅಷ್ಟು ದಿನ ಮನೆಮಂದಿಯೆಲ್ಲ ಬಾಯಿತುಂಬ ಕರೆದ ಹೆಸರು ಮಗಳಿಗೆ ಮುಟ್ಟಿಯೇ ಇರಲಿಲ್ಲ.

ಕೂಸಿಗೆ ಇದಾವುದರ ಪರಿವೆ? ಇನ್ನೊಮ್ಮೆ ಬೇಕೆಂದು ಕತ್ತು ವಾಲಿಸಿ ಕಿವಿಯನ್ನು ಅವ್ವನ ಬಾಯಿಗೇ ತಂದಿತು.

"ಊದು," ಎಂದ ಕಳಕೇಶ, ಟವೆಲ್ಲಿನ ಒಳಗಿನಿಂದಲೇ. "ಊದು ಅನ್ನಪೂರ್ಣಾ, ನಗಲಿ."

ಅನ್ನಪೂರ್ಣ ಊದಲೆಂದು ಬಾಯಿ ತೆರೆದಳು. ತಡೆದುಕೊಂಡಿದ್ದ ಅಳು ಒಡೆದು ಹೊರಬಿತ್ತು. ಅದರ ಬಿಸಿಯುಸಿರು ಕಿವಿಗೆ ತಾಗಿದ್ದೇ, ಕೂಸು ಹೆಗಲು ಕುಗ್ಗಿಸಿ ಮತ್ತೆ ಕಿಲಕಿಲ ನಕ್ಕಿತು.